ಹೆದರಿದ ನಾಯಿಮರಿಯನ್ನು ದತ್ತು ತಂದಾಗ: ನಂಬಿಕೆ ಗಳಿಸುವುದು ಹೇಗೆ?

ಮಳೆಗಾಲ ಮುಗಿದು ಚಳಿ ಶುರುವಾಗುತ್ತಿದ್ದಂತೆ ನಮ್ಮ ಊರುಗಳ ಬೀದಿಯಲ್ಲಿ ನಾಯಿಮರಿಗಳು ಜಾಸ್ತಿ ಕಾಣಿಸುತ್ತವೆ. ಮೋರಿಯ ಒಳಗೆ, ಕಟ್ಟುತ್ತಿರುವ ಮನೆಯ ಮರಳು ರಾಶಿಯ ಹಿಂದೆ, ನಿಲ್ಲಿಸಿದ ಕಾರಿನ ಕೆಳಗೆ. ಕೆಲವು ಮರಿಗಳು ಮನುಷ್ಯರನ್ನು ಕಂಡರೆ ಓಡಿಬಂದು ಕಾಲು ನೆಕ್ಕುತ್ತವೆ. ಇನ್ನು ಕೆಲವು ಮೂಲೆ ಸೇರಿ ನಡುಗುತ್ತವೆ. ಈ ಲೇಖನ ಎರಡನೇ ಬಗೆಯ ಮರಿಯನ್ನು ಮನೆಗೆ ತರುವವರಿಗೆ.

ಹೆದರಿದ ಮರಿಯನ್ನು ಕಂಡರೆ ಎಲ್ಲರಿಗೂ ಎತ್ತಿ ಮುದ್ದಾಡಬೇಕು ಅನಿಸುತ್ತದೆ. ಅದಕ್ಕೆ ಬೇಕಿರುವುದು ಮಾತ್ರ ಬೇರೆ. ಬೇಡ ಅನಿಸಿದಾಗ ದೂರ ಹೋಗಲು ಬಿಡುವವರು ಅದಕ್ಕೆ ಬೇಕು. ಹೋಗಬಹುದು ಅಂತ ಗೊತ್ತಾದ ಮೇಲೆ ಮರಿ ತಾನಾಗಿಯೇ ಬರುತ್ತದೆ. ಕೆಳಗೆ ಹೇಳಿರುವ ಬಹುತೇಕ ವಿಷಯ ಇದನ್ನೇ ಮನೆಯಲ್ಲಿ ಹೇಗೆ ಮಾಡುವುದು ಅನ್ನುವುದು.

ಮರಿ ಯಾಕೆ ಹೆದರುತ್ತದೆ?

"ಪಾಪ, ಯಾರೋ ಹೊಡೆದಿರಬೇಕು" ಅನ್ನುವುದು ಎಲ್ಲರ ಮೊದಲ ಮಾತು. ಎಷ್ಟೋ ಸಲ ಯಾರೂ ಹೊಡೆದಿರುವುದಿಲ್ಲ. ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆ ವಾರಗಳಲ್ಲಿ ಮನುಷ್ಯರ ಕೈ, ಮಾತು, ಮನೆಯ ಸದ್ದು ಒಳ್ಳೆಯ ರೀತಿಯಲ್ಲಿ ಪರಿಚಯವಾಗದಿದ್ದರೆ ಆಮೇಲೆ ಎಲ್ಲವೂ ಭಯ ಹುಟ್ಟಿಸುತ್ತದೆ. ತಾಯಿ ಅಂಜುಬುರುಕಿಯಾಗಿದ್ದರೆ ಮರಿಯೂ ಹಾಗೇ ಇರುವುದು ಸಾಮಾನ್ಯ. ಅಂದರೆ ಇದು ಮೊಂಡುತನವಲ್ಲ, ಬುದ್ಧಿ ಕಡಿಮೆಯೂ ಅಲ್ಲ. ಬೀದಿಯಲ್ಲಿ ಬದುಕಿ ಉಳಿಯಲು ಬೇಕಾದ ಎಚ್ಚರ ಅದು.

ತರುವ ಮೊದಲು

ಮರಿಗೆ ಕನಿಷ್ಠ 8 ವಾರ ತುಂಬಿರಲಿ. ಅದಕ್ಕೂ ಮೊದಲು ತಾಯಿಯಿಂದ ಬಿಡಿಸಿದರೆ, ಕಚ್ಚುವಾಗ ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದರಿಂದ ಹಿಡಿದು ಬಹಳಷ್ಟನ್ನು ಅದು ಕಲಿತಿರುವುದಿಲ್ಲ. ಬೀದಿಯಲ್ಲಿ ತಾಯಿ ಜೊತೆಗಿದ್ದು ಹಾಲು ಕುಡಿಸುತ್ತಿದ್ದರೆ ಸುಮ್ನೆ ಎತ್ತಿಕೊಂಡು ಬರಬೇಡಿ. ತಾಯಿಗೆ ಊಟ ಹಾಕಿ, ಕಾಯಿರಿ.

ಬೆಂಗಳೂರಿನಲ್ಲಿ ಕ್ಯೂಪಾ, ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್, ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಎಂಬ ಪ್ರಾಣಿ ರಕ್ಷಣಾ ಸಂಸ್ಥೆಗಳಿವೆ. ಇದಲ್ಲದೆ ಮನೆಯಲ್ಲೇ ಮರಿಗಳನ್ನು ಇಟ್ಟುಕೊಂಡು ದತ್ತು ಕೊಡುವ ಎಷ್ಟೋ ಜನ ಪ್ರತಿ ಊರಿನಲ್ಲೂ ಇದ್ದಾರೆ. ಅವರನ್ನು ಚೆನ್ನಾಗಿ ವಿಚಾರಿಸಿ. ಏನು ತಿನ್ನುತ್ತದೆ? ಎಲ್ಲಿ ಮಲಗುತ್ತದೆ? ಗಂಡಸರಿಗೆ ಹೆದರುತ್ತದಾ, ಪೊರಕೆಗೆ ಹೆದರುತ್ತದಾ? ಯಾವ ಇಂಜೆಕ್ಷನ್ ಆಗಿದೆ, ಲಸಿಕೆ ಪುಸ್ತಕ ಎಲ್ಲಿದೆ? ಸಾಧ್ಯವಾದರೆ ತರುವ ಮೊದಲು ಒಂದೆರಡು ಸಲ ಹೋಗಿ ಅದರ ಪಕ್ಕದಲ್ಲಿ ಕೂತು ಬನ್ನಿ. ಅದು ಮಲಗುತ್ತಿದ್ದ ಬಟ್ಟೆಯೊಂದನ್ನು ಒಗೆಯದೆ ಹಾಗೇ ಕೇಳಿ ಪಡೆಯಿರಿ. ಹೊಸ ಮನೆಯಲ್ಲಿ ಅದಕ್ಕೆ ಗೊತ್ತಿರುವ ವಾಸನೆ ಅದೊಂದೇ.

ಇನ್ನೊಂದು ಮಾತು. ಹೆಣ್ಣು ಮರಿಗಳನ್ನು ಕೇಳುವವರು ಕಡಿಮೆ. ಮರಿ ಹಾಕುತ್ತವೆ ಅನ್ನುವ ಭಯ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಆ ಚಿಂತೆಯೇ ಇರುವುದಿಲ್ಲ. ದಯವಿಟ್ಟು ಹೆಣ್ಣು ಮರಿಯನ್ನೂ ನೋಡಿ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೂ ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಮೊದಲ ಕೆಲವು ರಾತ್ರಿ ಮರಿ ಅಳಬಹುದು.

ಮನೆಗೆ ತರುವ ದಿನ

ಹೆಚ್ಚು ಮರಿಗಳು ತಪ್ಪಿಸಿಕೊಳ್ಳುವುದು ಮೊದಲ ಕೆಲವು ದಿನಗಳಲ್ಲೇ. ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬರುವುದು, ಸ್ಕೂಟರ್ ಮುಂದೆ ಇಟ್ಟುಕೊಂಡು ಬರುವುದು ಬೇಡವೇ ಬೇಡ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದರೆ ಹೆದರಿದ ಮರಿ ಕೈಯಿಂದ ಜಾರಿ ರಸ್ತೆಗೆ ಹಾರುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಬುಟ್ಟಿ ಅಥವಾ ತೂತು ಮಾಡಿದ ಗಟ್ಟಿ ರಟ್ಟಿನ ಡಬ್ಬ ಸಾಕು. ಒಳಗೆ ಆ ಹಳೆಯ ಬಟ್ಟೆ ಹಾಕಿ. ಹೊರಡುವ ಎರಡು ಮೂರು ಗಂಟೆ ಮೊದಲೇ ಊಟ ಮುಗಿದಿದ್ದರೆ ದಾರಿಯಲ್ಲಿ ವಾಂತಿ ಕಡಿಮೆ.

ಮನೆಯಲ್ಲಿ ಒಂದು ಮೂಲೆ ಗೊತ್ತು ಮಾಡಿ. ಜನ ಓಡಾಡುವ ದಾರಿಯಲ್ಲಿ ಬೇಡ, ಆದರೆ ಮನೆಯವರ ಮಾತು ಕೇಳುವಷ್ಟು ಹತ್ತಿರವಿರಲಿ. ಬಾಲ್ಕನಿ, ಬಾತ್‌ರೂಮು, ಟೆರೇಸು ಬೇಡ. ದೊಡ್ಡ ರಟ್ಟಿನ ಡಬ್ಬವನ್ನು ಅಡ್ಡಲಾಗಿ ಮಲಗಿಸಿ ಒಳಗೆ ಹಳೆಯ ಸೀರೆ ಹಾಸಿದರೆ ಒಳ್ಳೆಯ ಗೂಡು ಆಯಿತು. ಅದನ್ನು ಬಿಟ್ಟು ಮಂಚದ ಕೆಳಗೇ ಹೋದರೆ ಹೋಗಲಿ, ಅಲ್ಲೇ ನೀರು ಇಡಿ. ಫ್ರಿಜ್ ಮತ್ತು ವಾಷಿಂಗ್ ಮಷೀನಿನ ಹಿಂದಿನ ಸಂದಿಯನ್ನು ಮಾತ್ರ ಮೊದಲೇ ಮುಚ್ಚಿ. ಅಲ್ಲಿ ವೈರುಗಳಿರುತ್ತವೆ, ಒಳಗೆ ಸಿಕ್ಕಿಕೊಂಡ ಮರಿಯನ್ನು ಎಳೆದು ತೆಗೆಯುವ ಪರಿಸ್ಥಿತಿ ಬಂದರೆ ನಂಬಿಕೆಗೆ ದೊಡ್ಡ ಪೆಟ್ಟು.

ಬಂದ ದಿನವೇ ಸ್ನಾನ ಮಾಡಿಸಬೇಡಿ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಮೊದಲು ತೋಚುವುದು ಅದೇ. ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಜನ, ಅದರ ಮೇಲೆ ನೀರು. ಮರಿಯ ಕಣ್ಣಿಗೆ ಇದು ಹಿಡಿದು ಹಿಂಸೆ ಕೊಟ್ಟಂತೆಯೇ. ಮೈ ಕೊಳೆಯಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಅದನ್ನೂ ಅದು ಒಪ್ಪಿದರೆ ಮಾತ್ರ. ನೋಡಲು ಬರ್ತೀವಿ ಅನ್ನುವ ನೆಂಟರಿಗೆ ಮುಂದಿನ ತಿಂಗಳು ಬನ್ನಿ ಅನ್ನಿ.

ಡಾಕ್ಟರ ಹತ್ತಿರ

ಮೊದಲ ಎರಡು ಮೂರು ದಿನದೊಳಗೆ ಪಶುವೈದ್ಯರಿಗೆ ತೋರಿಸಿ. 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಆಮೇಲೆ 3–4 ವಾರಕ್ಕೊಮ್ಮೆ, ಸುಮಾರು 16 ವಾರದವರೆಗೆ. ರೇಬಿಸ್ ಇಂಜೆಕ್ಷನ್ 3 ತಿಂಗಳಿಗೆ. ಜಂತುಹುಳದ ಔಷಧಿ 3 ತಿಂಗಳವರೆಗೆ 15 ದಿನಕ್ಕೊಮ್ಮೆ, ಆಮೇಲೆ 6 ತಿಂಗಳವರೆಗೆ ತಿಂಗಳಿಗೊಮ್ಮೆ. ಮೈಯಲ್ಲಿ ಉಣ್ಣೆ ಹುಳ ಇದ್ದರೆ ವೈದ್ಯರು ಹೇಳಿದ ಔಷಧಿಯನ್ನೇ ಹಾಕಿ. ಉಣ್ಣೆಯಿಂದ ಬರುವ ಜ್ವರ ನಮ್ಮ ಕಡೆ ಮಾಮೂಲು.

ಒಂದು ಎಚ್ಚರಿಕೆ. ಮೂಲೆಯಲ್ಲಿ ಮುದುಡಿ ಕೂತಿರುವುದೆಲ್ಲ ಭಯವಲ್ಲ. ಊಟ ಬಿಟ್ಟು, ವಾಂತಿ ಮಾಡುತ್ತಾ, ಕೆಟ್ಟ ವಾಸನೆಯ ರಕ್ತ ಭೇದಿ ಶುರುವಾದರೆ ಅದು ಪಾರ್ವೊ ಎಂಬ ವೈರಸ್ ಕಾಯಿಲೆ ಇರಬಹುದು. ಕಣ್ಣು ಮೂಗಿನಲ್ಲಿ ಗಟ್ಟಿ ಸೋರಿಕೆ, ಕೆಮ್ಮು, ಜ್ವರ ಇದ್ದರೆ ಡಿಸ್ಟೆಂಪರ್ ಎಂಬ ಇನ್ನೊಂದು ವೈರಸ್ ಕಾಯಿಲೆ ಇರಬಹುದು. ನಾಳೆ ನೋಡೋಣ ಅನ್ನಬೇಡಿ, ಆ ಕ್ಷಣವೇ ಹೊರಡಿ. ನಿಮ್ಮ ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ.

ಮೈ ಏನು ಹೇಳುತ್ತಿದೆ, ನೋಡಿ

ಬಾಲ ಕಾಲ ಸಂದಿಗೆ ಸೇರಿದ್ದರೆ ಭಯ ಅಂತ ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲೇ ಬರುವ ಸಣ್ಣ ಸೂಚನೆಗಳಿವೆ. ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು. ನಿದ್ದೆ ಬರದಿದ್ದರೂ ಆಕಳಿಸುವುದು. ಮುಖ ಆಚೆ ತಿರುಗಿಸಿ ಕಣ್ಣಂಚಿನಿಂದ ನೋಡುವುದು, ಆಗ ಕಣ್ಣಿನ ಬಿಳಿ ಭಾಗ ಕಾಣುತ್ತದೆ. ಒಂದು ಮುಂಗಾಲು ಎತ್ತಿ ನಿಲ್ಲುವುದು. ಕಿವಿ ಹಿಂದಕ್ಕೆ ಅಂಟಿಸುವುದು. ಇವು ಕಂಡರೆ ನೀವು ಒಂದು ಹೆಜ್ಜೆ ಹಿಂದೆ ಹೋಗಿ.

ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿಯುವುದು ಅಲ್ಲಾಡದೆ ಕೂರುವ ಮರಿಯನ್ನು. ಎತ್ತಿಕೊಂಡರೆ ಸುಮ್ಮನಿರುತ್ತದೆ, ಮಕ್ಕಳು ಸವರಿದರೂ ಸುಮ್ಮನಿರುತ್ತದೆ. "ಎಷ್ಟು ಸಾಧು" ಅಂತ ಮನೆಯವರಿಗೆ ಖುಷಿ. ಮೈ ಮುಟ್ಟಿ ನೋಡಿ, ಮರದ ಹಾಗೆ ಸೆಟೆದಿರುತ್ತದೆ. ಓಡಲು ದಾರಿ ಇಲ್ಲ ಅಂತ ಗೊತ್ತಾದ ಮರಿ ಹೀಗೆ ಹೆಪ್ಪುಗಟ್ಟುತ್ತದೆ. ಅದನ್ನು ಮೆಲ್ಲಗೆ ಕೆಳಗಿಳಿಸಿ ಬಿಟ್ಟುಬಿಡಿ.

ಊಟದಿಂದ ಶುರು

ಮೊದಲು ಏನು ಕೊಡುವುದು ಅಂತ ನೋಡೋಣ. ಹಾಲು ಬಿಸ್ಕತ್ತು ಬೇಡ. ಹಸುವಿನ ಹಾಲು ಬಹಳ ಮರಿಗಳಿಗೆ ಭೇದಿ ತರುತ್ತದೆ, ಬಿಸ್ಕತ್ತಿನಲ್ಲಿ ಸಕ್ಕರೆ ಮೈದಾ ಬಿಟ್ಟರೆ ಏನೂ ಇಲ್ಲ. ದತ್ತು ಕೊಟ್ಟವರು ಏನು ಹಾಕುತ್ತಿದ್ದರೋ ಒಂದು ವಾರ ಅದನ್ನೇ ಹಾಕಿ, ಆಮೇಲೆ ನಿಧಾನವಾಗಿ ಬದಲಿಸಿ. ಮರಿಗಳ ಆಹಾರ, ಬೇಯಿಸಿದ ಮೊಟ್ಟೆ, ಉಪ್ಪು ಖಾರ ಹಾಕದ ಕೋಳಿ ಮತ್ತು ಅನ್ನ, ಸ್ವಲ್ಪ ಮೊಸರು ಆಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಕೊಡಲೇಬಾರದು. ಒಗ್ಗರಣೆ ಹಾಕಿದ ಸಾರನ್ನ ಬೇಡ ಅನ್ನುವುದು ಇದಕ್ಕೇ.

ಈಗ ಮುಖ್ಯ ವಿಷಯ. ಕೈಯಲ್ಲಿ ಕೋಳಿ ತುಂಡು ಹಿಡಿದು "ಬಾ ಬಾ" ಅಂತ ಮರಿಯನ್ನು ಹತ್ತಿರ ಎಳೆಯುವುದು ಎಲ್ಲರೂ ಮಾಡುವ ಕೆಲಸ. ಹಸಿದ ಮರಿ ಕತ್ತು ಚಾಚಿ ಬರುತ್ತದೆ. ಹಿಂಗಾಲು ಹಿಂದೆಯೇ ಉಳಿದಿರುತ್ತದೆ, ಮೈ ರಬ್ಬರಿನ ಹಾಗೆ ಉದ್ದವಾಗಿರುತ್ತದೆ. ತುಂಡು ಬಾಯಿಗೆ ಹೋದ ಕೂಡಲೇ ಅದಕ್ಕೆ ತಾನು ಎಲ್ಲಿದ್ದೇನೆ ಅಂತ ಗೊತ್ತಾಗಿ ಗಾಬರಿಯಾಗಿ ಓಡುತ್ತದೆ. ಮುಂದಿನ ಸಲ ಕೋಳಿ ತುಂಡನ್ನೂ ಅನುಮಾನದಿಂದ ನೋಡುತ್ತದೆ.

ಇದರ ಬದಲು ಹೀಗೆ ಮಾಡಿ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂರಿ, ಮರಿಗೆ ನಿಮ್ಮ ಎದೆ ಮುಖ ಕಾಣಬಾರದು, ಭುಜ ಕಾಣಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಕಡಲೆಕಾಳಿನಷ್ಟು ಚಿಕ್ಕ ತುಂಡುಗಳು ಕೈಯಲ್ಲಿರಲಿ. ಒಂದನ್ನು ಮರಿಯ ಹತ್ತಿರ ಉರುಳಿಸಿ. ತಿಂದಿತಾ? ಮುಂದಿನದನ್ನು ಅದರ ಹಿಂದಕ್ಕೆ ಬೀಳುವ ಹಾಗೆ ಎಸೆಯಿರಿ. ಅದು ತಿರುಗಿ ನಿಮ್ಮಿಂದ ದೂರ ಹೋಗಿ ತಿನ್ನುತ್ತದೆ. ತಿಂದು ಮತ್ತೆ ನಿಮ್ಮ ಕಡೆ ನೋಡುತ್ತದೆ, ಒಂದೆರಡು ಹೆಜ್ಜೆ ಬರುತ್ತದೆ. ಆಗ ಮತ್ತೆ ಹಿಂದಕ್ಕೆ ಎಸೆಯಿರಿ. ಪ್ರತಿ ಸಲವೂ ಹತ್ತಿರ ಬಂದದ್ದಕ್ಕೆ ಅದಕ್ಕೆ ಸಿಗುವುದು ಊಟ ಮತ್ತು ದೂರ, ಎರಡೂ. ಕೆಲವು ನಿಮಿಷದಲ್ಲಿ ನಿಮ್ಮಿಬ್ಬರ ನಡುವಿನ ದೂರ ತಾನಾಗಿ ಕಡಿಮೆಯಾಗುವುದನ್ನು ನೀವೇ ನೋಡುತ್ತೀರಿ. ಐದು ನಿಮಿಷ ಸಾಕು, ಎದ್ದು ಬಿಡಿ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿ. ಮನೆಯ ಇತರರೂ ಹೀಗೇ ಕೂರಲಿ, ಒಬ್ಬೊಬ್ಬರಾಗಿ. ಇಲ್ಲದಿದ್ದರೆ ಮರಿ ಒಬ್ಬರನ್ನೇ ನೆಚ್ಚಿಕೊಂಡು ಬೇರೆಯವರಿಗೆ ಹೆದರುತ್ತಲೇ ಇರುತ್ತದೆ.

ಮರಿ ತಿನ್ನುವಾಗ ತಟ್ಟೆಗೆ ಕೈ ಹಾಕುವುದು, "ಅಭ್ಯಾಸ ಆಗಲಿ" ಅಂತ ತಟ್ಟೆ ಎಳೆದುಕೊಳ್ಳುವುದು ಬೇಡ. ಹಸಿದು ಬೆಳೆದ ಮರಿಗೆ ಅದು ಜಗಳದ ಪಾಠ. ತಿನ್ನುತ್ತಿರುವಾಗ ಪಕ್ಕದಲ್ಲಿ ಹಾದು ಹೋಗುತ್ತಾ ಒಂದು ತುಂಡು ಕೋಳಿ ಹಾಕಿ ಹೋಗಿ. ನೀವು ಬಂದರೆ ತಟ್ಟೆ ತುಂಬುತ್ತದೆ ಅಂತ ಅದು ಕಲಿಯಲಿ.

ಮುಟ್ಟುವುದು

ಮರಿ ತಾನಾಗಿ ಬಂದು ನಿಮ್ಮ ಮೊಣಕಾಲು ಮೂಸಿದರೂ ಮೊದಲ ಸಲ ಮುಟ್ಟಬೇಡಿ. ಮೂಸಲಿ, ಹೋಗಲಿ. ಬರುವುದು ಅಭ್ಯಾಸವಾದ ಮೇಲೆ ಕೈಯನ್ನು ಕೆಳಗಿನಿಂದ ತಂದು ಎದೆ ಅಥವಾ ಗದ್ದದ ಕೆಳಗೆ ಮೆಲ್ಲಗೆ ಕೆರೆಯಿರಿ. ತಲೆ ಮೇಲೆ ಕೈ ತರಬೇಡಿ, ಮೇಲಿನಿಂದ ಇಳಿಯುವ ಕೈ ಮರಿಗೆ ಹೊಡೆಯಲು ಬಂದಂತೆ ಕಾಣುತ್ತದೆ. ಮೂರು ಸೆಕೆಂಡ್ ಕೆರೆದು ಕೈ ತೆಗೆಯಿರಿ. ಇನ್ನೂ ಬೇಕಾದರೆ ಅದೇ ಮೈ ಒತ್ತುತ್ತದೆ ಅಥವಾ ಮೂತಿಯಿಂದ ಕೈ ತಳ್ಳುತ್ತದೆ. ಸುಮ್ಮನೆ ನಿಂತರೆ, ಮುಖ ತಿರುಗಿಸಿದರೆ, ಇವತ್ತಿಗೆ ಸಾಕು ಅಂತ ಅರ್ಥ. ದೊಡ್ಡವರಿಗಿಂತ ಮಕ್ಕಳು ಈ ಆಟವನ್ನು ಬೇಗ ಕಲಿಯುತ್ತಾರೆ. ಮರಿ ಗೂಡಿನಲ್ಲಿದ್ದಾಗ ಹೋಗಬಾರದು, ಮಲಗಿದ್ದಾಗ ಎಬ್ಬಿಸಬಾರದು ಅನ್ನುವುದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿ. ಮರಿಗಳು ದಿನಕ್ಕೆ 18–20 ಗಂಟೆ ನಿದ್ದೆ ಮಾಡುತ್ತವೆ, ನಿದ್ದೆಗೆಟ್ಟ ಮರಿ ಜಾಸ್ತಿ ಹೆದರುತ್ತದೆ.

ಸದ್ದು ಕಲಿಸುವುದು

ನಮ್ಮ ಮನೆಗಳ ಸದ್ದು ಸಣ್ಣದಲ್ಲ. ಕುಕ್ಕರ್ ಸೀಟಿ, ಮಿಕ್ಸಿ, ಸಿಲಿಂಡರ್ ಉರುಳಿಸುವ ಶಬ್ದ, ಕಸದ ಆಟೋದ ಹಾಡು. ಬೀದಿಯ ಮರಿಗೆ ವಾಹನದ ಸದ್ದು ಗೊತ್ತು, ಕುಕ್ಕರ್ ಸೀಟಿ ಗೊತ್ತಿಲ್ಲ.

ಸೀಟಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪಕ್ಕದ ಕೋಣೆಯಲ್ಲಿ, ಮರಿಯ ಕಿವಿ ಒಂದಿಷ್ಟು ಅಲ್ಲಾಡುವಷ್ಟು ಸಣ್ಣಗೆ ಹಾಕಿ. ಸದ್ದು ಬಂದ ಕೂಡಲೇ ಒಂದು ತುಂಡು ಕೋಳಿ. ಸದ್ದು ನಿಂತರೆ ಊಟವೂ ನಿಲ್ಲಬೇಕು. ಈ ಕ್ರಮ ಮುಖ್ಯ: ಮೊದಲು ಸದ್ದು, ಆಮೇಲೆ ಊಟ. ತಿರುಗುಮುರುಗಾದರೆ ಊಟ ಕಂಡ ಕೂಡಲೇ ಏನೋ ಕೆಟ್ಟದ್ದು ಬರುತ್ತದೆ ಅಂತ ಮರಿ ಕಲಿಯುತ್ತದೆ. ಸೀಟಿ ಕೇಳಿದರೆ ಮರಿ ನಿಮ್ಮ ಮುಖ ನೋಡಲು ಶುರು ಮಾಡಿದಾಗ ಒಂದಿಷ್ಟು ಜೋರು ಮಾಡಿ. ಕೊಟ್ಟದ್ದನ್ನು ತಿನ್ನದಿದ್ದರೆ ಸದ್ದು ಜಾಸ್ತಿಯಾಯಿತು ಅಂತ ತಿಳಿದು ಕಡಿಮೆ ಮಾಡಿ. ಮಿಕ್ಸಿ, ಪೊರಕೆ, ಛತ್ರಿ, ಹೆಲ್ಮೆಟ್ ಹಾಕಿದ ಮನುಷ್ಯ, ಎಲ್ಲಕ್ಕೂ ಇದೇ ದಾರಿ.

ಹೆದರಿದಾಗ ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ಮರಿ ಹೆದರಿ ನಿಮ್ಮ ಹತ್ತಿರ ಬಂದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಮೆಲ್ಲಗೆ ಮಾತಾಡಿಸಿ. "ಭಯ ಹೋಗಲಿ" ಅಂತ ಸದ್ದಿನ ಹತ್ತಿರಕ್ಕೇ ಎಳೆದುಕೊಂಡು ಹೋಗುವುದರಿಂದ ಮಾತ್ರ ನಿಜಕ್ಕೂ ಹಾನಿ.

ದೀಪಾವಳಿಯ ತಯಾರಿ ಒಂದೆರಡು ತಿಂಗಳು ಮೊದಲೇ ಶುರುವಾಗಬೇಕು, ಇದೇ ರೀತಿ ಪಟಾಕಿ ಸದ್ದಿನ ರೆಕಾರ್ಡಿಂಗ್ ಇಟ್ಟುಕೊಂಡು. ಹಬ್ಬದ ದಿನಗಳಲ್ಲಿ ಕತ್ತಲಾಗುವ ಮೊದಲೇ ಹೊರಗಿನ ಕೆಲಸ ಮುಗಿಸಿ. ಒಳಗಿನ ಕೋಣೆಯಲ್ಲಿ ಗೂಡು ಇಟ್ಟು ಕಿಟಕಿ ಮುಚ್ಚಿ, ಫ್ಯಾನ್ ಮತ್ತು ಟಿ.ವಿ. ಹಾಕಿ, ಬಾಗಿಲು ತೆರೆಯುವವರ ಮೇಲೆ ಕಣ್ಣಿಡಿ. ತುಂಬಾ ನಡುಗುವ ಮರಿಗೆ ಔಷಧಿಯಿದೆ, ಹಬ್ಬಕ್ಕೆ ಎರಡು ವಾರ ಮೊದಲೇ ವೈದ್ಯರನ್ನು ಕೇಳಿ.

ರಾತ್ರಿ, ಉಚ್ಚೆ, ಕಕ್ಕ

ಮೊದಲ ರಾತ್ರಿಗಳಲ್ಲಿ ಮರಿಯ ಹತ್ತಿರವೇ ಚಾಪೆ ಹಾಕಿ ಮಲಗಿ. ಒಂಟಿಯಾಗಿ ಅಳಲು ಬಿಟ್ಟರೆ ಅದು ಧೈರ್ಯ ಕಲಿಯುವುದಿಲ್ಲ. ಎದ್ದ ಕೂಡಲೇ, ತಿಂದ ಮೇಲೆ, ಆಡಿದ ಮೇಲೆ, ಮಧ್ಯೆ ಎರಡು ಗಂಟೆಗೊಮ್ಮೆ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮಾಡಿದ ಕೂಡಲೇ ಒಂದು ತುಂಡು ಕೊಡಿ. ಮನೆಯೊಳಗೆ ಮಾಡಿದರೆ ಬೈಯಬೇಡಿ, ಅದರ ಮೂಗನ್ನು ಅದಕ್ಕೆ ಉಜ್ಜಬೇಡಿ. ಸುಮ್ಮನೆ ಒರೆಸಿ ತೊಳೆಯಿರಿ. ನೀವು ಬಾಗಿದಾಗ ಹನಿ ಹನಿ ಉಚ್ಚೆ ಮಾಡಿಕೊಂಡರೆ ಅದು ಭಯದ್ದು, ಬಾಗುವುದನ್ನು ಬಿಟ್ಟು ಕೂತು ಮಾತಾಡಿಸಿ.

ಹೊರಗೆ ಹೋಗುವುದು

ಲಸಿಕೆ ಮುಗಿಯುವವರೆಗೆ ಬೀದಿಯ ನೆಲದ ಮೇಲೆ ಬಿಡಬಾರದು, ಆದರೆ ಹೊಸದನ್ನು ಕಲಿಯುವ ವಯಸ್ಸೂ ಅದೇ. ಅದಕ್ಕೆ ಎತ್ತಿಕೊಳ್ಳಲು ಬಿಡುವ ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಗೇಟಿನ ಬಳಿ ನಿಲ್ಲಿ. ಇಲ್ಲದಿದ್ದರೆ ಬುಟ್ಟಿಯಲ್ಲಿ ಕೂರಿಸಿ. ಹಾಲಿನವನು, ಸೈಕಲ್, ಹಸು, ಶಾಲೆ ವ್ಯಾನು, ಎಲ್ಲ ದೂರದಿಂದ ಕಾಣಲಿ.

ನಡೆಸಲು ಶುರು ಮಾಡುವಾಗ ಬರೀ ಕತ್ತಿನ ಬೆಲ್ಟು ಸಾಲದು. ಹೆದರಿದ ನಾಯಿ ಹಿಂದಕ್ಕೆ ಎಳೆದರೆ ಬೆಲ್ಟು ತಲೆಯಿಂದ ಕಳಚಿ ಬರುತ್ತದೆ. ಎದೆಗೆ ಹಾಕುವ ಹಾರ್ನೆಸ್ ಒಂದು, ಬೆಲ್ಟು ಒಂದು, ಎರಡಕ್ಕೂ ಹಗ್ಗ ಇರಲಿ. ಬೆಲ್ಟಿಗೆ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ಹಾಕಿ. ಜನ ಕಡಿಮೆಯಿರುವ ಹೊತ್ತಿನಲ್ಲಿ ಹೋಗಿ. ನಡೆಯದೆ ಕೂತುಬಿಟ್ಟರೆ ಎಳೆಯಬೇಡಿ, ನೀವೂ ನಿಲ್ಲಿ, ನೋಡಲಿ, ವಾಪಸ್ ಬನ್ನಿ.

ಅಷ್ಟಾದರೂ ತಪ್ಪಿಸಿಕೊಂಡರೆ ಬೆನ್ನಟ್ಟಬೇಡಿ, ಹತ್ತು ಜನ ಸೇರಿ ಕೂಗಬೇಡಿ. ಅದಕ್ಕೆ ಕಾಣುವ ಹಾಗೆ ನೆಲದ ಮೇಲೆ ಕೂತು, ಮುಖ ತಿರುಗಿಸಿ, ಊಟ ಚೆಲ್ಲಿ. ಕಣ್ಣಿಗೆ ಮರೆಯಾದರೆ ನೀವು ಉಟ್ಟ ಬಟ್ಟೆ ಮತ್ತು ಅದರ ಗೂಡಿನ ಬಟ್ಟೆಯನ್ನು ಗೇಟಿನ ಬಳಿ ಇಡಿ. ಸೆಕ್ಯುರಿಟಿಯವರಿಗೆ, ಹತ್ತಿರದ ಟೀ ಅಂಗಡಿಯವರಿಗೆ ಫೋಟೊ ಕೊಟ್ಟು, ಹಿಡಿಯಬೇಡಿ, ಕಂಡರೆ ಫೋನ್ ಮಾಡಿ ಅನ್ನಿ.

ಗುರ್ ಅಂದರೆ

ಗುರ್ ಅನ್ನುವುದಕ್ಕೆ ಶಿಕ್ಷೆ ಕೊಡಬೇಡಿ. ಅದು ಕಚ್ಚುವ ಮೊದಲು ಕೊಡುವ ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಮುಂದೆ ಎಚ್ಚರಿಕೆ ಇಲ್ಲದೆ ಕಚ್ಚುತ್ತದೆ. ದೂರ ಸರಿದು, ಯಾಕೆ ಗುರ್ ಅಂದಿತು ಅಂತ ಯೋಚಿಸಿ. ಹಲ್ಲು ಅಥವಾ ಉಗುರು ತಾಗಿ ಚರ್ಮ ಗೀರಿದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಮರಿ ಎಷ್ಟೇ ಚಿಕ್ಕದಾದರೂ, ಎಷ್ಟೇ ಮುದ್ದಾದರೂ ಇದರಲ್ಲಿ ರಿಯಾಯಿತಿ ಇಲ್ಲ.

ಎಷ್ಟು ದಿನ ಬೇಕು?

ನಾಯಿಗಳನ್ನು ರಕ್ಷಿಸುವವರು ಒಂದು ಅಂದಾಜು ಹೇಳುತ್ತಾರೆ. ಗಾಬರಿ ಇಳಿಯಲು 3 ದಿನ, ಮನೆಯ ದಿನಚರಿ ತಿಳಿಯಲು 3 ವಾರ, ಇದು ನನ್ನ ಮನೆ ಅನಿಸಲು 3 ತಿಂಗಳು. ಅಂಜುಬುರುಕ ಮರಿಗೆ ಇದಕ್ಕಿಂತ ಜಾಸ್ತಿ ಬೇಕಾಗುವುದೇ ಹೆಚ್ಚು. ಮನೆಯಲ್ಲಿ ಧೈರ್ಯದ, ಸಾಧು ಸ್ವಭಾವದ ದೊಡ್ಡ ನಾಯಿ ಇದ್ದರೆ ಅದನ್ನು ನೋಡಿಯೇ ಮರಿ ಬಹಳ ಕಲಿಯುತ್ತದೆ.

6ರಿಂದ 8 ತಿಂಗಳ ವಯಸ್ಸಿನಲ್ಲಿ ಹೋಗಿದ್ದ ಭಯ ಮತ್ತೆ ಬರಬಹುದು. ನಿನ್ನೆ ಮೂಸಿದ ಗೋಣಿಚೀಲಕ್ಕೆ ಇವತ್ತು ಬೊಗಳಬಹುದು. ವಯಸ್ಸಿಗೆ ಬರುವ ನಾಯಿಗಳಲ್ಲಿ ಇದು ಸಹಜ. ದೂರ ಜಾಸ್ತಿ ಮಾಡಿ, ಊಟ ಎಸೆಯುವ ಆಟಕ್ಕೆ ವಾಪಸ್ ಹೋಗಿ. ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಅಂತ ವೈದ್ಯರನ್ನು ಕೇಳಬೇಕಾದ ಸಮಯವೂ ಇದೇ.

ತಿಂಗಳುಗಳೇ ಕಳೆದರೂ ಮರಿ ನಿಮ್ಮೆದುರು ಏನೂ ತಿನ್ನದಿದ್ದರೆ, ಗೂಡು ಬಿಟ್ಟು ಬರದಿದ್ದರೆ, ಮೊದಲು ನೋವು ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸಿ, ಆಮೇಲೆ ತರಬೇತುದಾರರನ್ನು ಕರೆಸಿ. ಕರೆಸುವ ಮೊದಲು ಫೋನಿನಲ್ಲೇ ಕೇಳಿ, "ಮರಿ ಹೆದರಿದಾಗ ನೀವು ಏನು ಮಾಡುತ್ತೀರಿ?" ಊಟ, ದೂರ, ಸಮಯ ಅನ್ನುವ ಮಾತು ಬಂದರೆ ಬರಲಿ. ಚೋಕ್ ಚೈನ್ (ಎಳೆದರೆ ಕತ್ತು ಬಿಗಿಯುವ ಸರಪಳಿ), ಯಜಮಾನ ಯಾರು ಅಂತ ತೋರಿಸಬೇಕು ಅನ್ನುವ ಮಾತು ಬಂದರೆ ಬೇಡ ಅನ್ನಿ. ಮನೆಗೆ ಬಂದವರು ಮರಿಯನ್ನು ಗೂಡಿನಿಂದ ಎಳೆದು ತೆಗೆಯಲು ಹೋದರೆ ಅಲ್ಲಿಗೇ ನಿಲ್ಲಿಸಿ, ಆ ದಿನದ ದುಡ್ಡು ಕೊಟ್ಟು ಕಳಿಸಿಬಿಡಿ.